ಒಂದೇ ಮನೆ, ಎರಡು ಸಾಕ್ಷಿ

ಗಾವಡಗೆರೆ
21 ಜುಲೈ 2024

ಸುಕನ್ಯಾಳಿಗೆ,

ರೂಪಶ್ರೀ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ, ನಿಮ್ಮ ಮನೆಯಲ್ಲೂ ಹಾಗೇ ಇರಲಿ. ನಿನ್ನ ಇ-ಮೇಲಿಗೆ ಉತ್ತರ ತಡವಾಯಿತು, ಕ್ಷಮಿಸು. ಬೇಕೆಂದೇ ತಡ ಮಾಡಿದೆ. ಅವತ್ತೇ ಬರೆದಿದ್ದರೆ ನೀನು ಓದುವ ಹಾಗಿರುತ್ತಿರಲಿಲ್ಲ. ಇನ್ನು ಕಾಗದದಲ್ಲಿ ಯಾಕೆ ಬರೆದೆನೆಂದರೆ, ಫೋನಿಗೆ ಕಳಿಸಿದ್ದನ್ನೆಲ್ಲ ನೀನು ಗ್ರೂಪಿಗೆ ಹಾಕುತ್ತೀಯ. ಇದನ್ನೂ ಹಾಕುವುದಾದರೆ ಫೋಟೋ ತೆಗೆಯುವ ಕಷ್ಟವನ್ನಾದರೂ ಪಡು.

ಇಲ್ಲಿ ಹೊಗೆಸೊಪ್ಪಿನ ಕುಡಿ ಮುರಿಯುವ ಕೆಲಸ ನಡೆದಿದೆ, ಆಳು ಸಿಗುತ್ತಿಲ್ಲ. ಕರೆಂಟ್ ಇದ್ದಾಗ ಮೇಲಿನ ರೂಮಿನಲ್ಲಿ ಪ್ರಾಜೆಕ್ಟು, ಹೋದಾಗ ಒಲೆ ಮುಂದೆ. ಹೀಗೆ ಬದುಕುವವಳು ನಿನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ ಎಂದು ಎಲ್ಲರಿಗೂ ಬರೆದೆಯಲ್ಲ. ಪಡಲು ಪುರುಸೊತ್ತು ಬೇಕು ಸುಕನ್ಯಾ.

ನಮ್ಮ ಕೆಲಸ ಏನೆಂದು ನಿನಗೇ ನೆನಪಿಸುವ ಗತಿ ಬಂತು. ಯಾವ ಜೀನಿನಲ್ಲಿ ಎಂಥ ಬದಲಾವಣೆಯಾದರೆ ಯಾವ ಕಾಯಿಲೆ ಎಂದು, ಅಚ್ಚಾದ ಲೇಖನಗಳನ್ನು ಓದಿ, ಎಲ್ಲರಿಗೂ ಒಂದೇ ಅರ್ಥ ಕೊಡುವ ಪದಗಳಲ್ಲಿ ಬರೆದಿಡುವುದು. ಒಬ್ಬ ಡಾಕ್ಟರು ‘ತೂರಾಡುತ್ತಾನೆ’ ಎಂದು, ಇನ್ನೊಬ್ಬರು ‘ವಾಲುತ್ತಾನೆ’ ಎಂದು ಬರೆದರೆ ಎರಡೂ ಒಂದೆಯೋ ಬೇರೆಯೋ ಎಂದು ಕೂತು ಜಗಳವಾಡಿ ತೀರ್ಮಾನಿಸುವುದು. ಊರೂರಿನಲ್ಲಿ ಕೂತ ಜನರನ್ನು ಒಂದು ದಾರಿಗೆ ತಂದು ಇದನ್ನು ನಡೆಸುವವಳು ನಾನು. ‘ಖಚಿತ’ ಎಂದು ಬರೆಯಬೇಕಾದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕುಟುಂಬಗಳ ಸಾಕ್ಷಿ ಬೇಕು. ಆ ನಿಯಮ ಮಾಡಿದವಳು ನೀನು. ನಾವು ಬರೆದಿದ್ದನ್ನು ನೋಡಿಯೇ ಲ್ಯಾಬಿನವರು ರಿಪೋರ್ಟು ಕೊಡುತ್ತಾರೆ.

ಒಂದು ಜೀನಿನ ಬದಲಾವಣೆಯಿಂದ ಆ ನಡಿಗೆ ತಪ್ಪುವ ಕಾಯಿಲೆ ಬರುವುದು ‘ಖಚಿತ’ ಎಂದು ಬರೆಯಲು ನೀನು ಕೊಟ್ಟ ಸಾಕ್ಷಿ ಎರಡು ಲೇಖನ. ಒಂದು ಪಿರಿಯಾಪಟ್ಟಣದ ಕಡೆಯ ಕುಟುಂಬದ್ದು, ಇನ್ನೊಂದು ಕೆ.ಆರ್. ನಗರದ ಕಡೆಯದ್ದು. ಮೊದಲನೆಯದರಲ್ಲಿ ಕಾಯಿಲೆಯ ಹೆಂಗಸಿಗೆ ಒಬ್ಬ ತಮ್ಮ. ಅವನಿಗೂ ಕಾಯಿಲೆ, ಎಡಗೈ ಹೆಬ್ಬೆರಳು ಆಲೆಮನೆಯ ಗಾಣಕ್ಕೆ ಸಿಕ್ಕಿ ಹೋಗಿದೆ. ಎರಡನೆಯದರಲ್ಲಿ ಕಾಯಿಲೆಯ ಹುಡುಗನಿಗೆ ಒಬ್ಬ ಅಪ್ಪ. ಅವನಿಗೂ ಎಡಗೈ ಹೆಬ್ಬೆರಳಿಲ್ಲ, ಅದೇ ಗಾಣ, ಅದೇ ವಯಸ್ಸು. ಎರಡೂ ಕಡೆಯ ಡಾಕ್ಟರನ್ನು ಕೇಳಿದೆ. ಇಬ್ಬರೂ ಕಡತ ನೋಡಿ ಒಪ್ಪಿದರು. ಆ ಮನುಷ್ಯ ತನ್ನ ಅಕ್ಕನ ಮಗಳನ್ನೇ ತಂದುಕೊಂಡವನು. ತವರಿನ ಕಡೆಯಿಂದ ಬರೆದವರಿಗೆ ತಮ್ಮನಾದ, ಮನೆಯ ಕಡೆಯಿಂದ ಬರೆದವರಿಗೆ ಅಪ್ಪನಾದ. ಕುಟುಂಬ ಒಂದೇ. ಪರದೇಶದವರು ಇದನ್ನು ಎರಡೆಂದು ಎಣಿಸಿದ್ದರೆ ಸುಮ್ಮನಿರುತ್ತಿದ್ದೆ. ನೀನು ಬೆಟ್ಟದಪುರದವಳು. ನಿಮ್ಮಪ್ಪನೂ ಅಕ್ಕನ ಮಗಳನ್ನೇ ತಂದುಕೊಂಡವರಲ್ಲವೇ?

ನಾನು ಯಾರ ಹೆಸರನ್ನೂ ಎತ್ತದೆ ‘ಒಂದು ಸಾಲನ್ನು ಮತ್ತೆ ನೋಡಬೇಕಿದೆ’ ಎಂದಷ್ಟೇ ಎಲ್ಲರಿಗೂ ಬರೆದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಿನ್ನ ಫೋನ್ ಬಂತು. ‘ನೀನೇನು ಡಾಕ್ಟ್ರಾ? ನಾವು ಹೇಳಿದ್ ಸಾಲು ತುಂಬೋಳು ಕಣೇ ನೀನು. ನಿಂಗ್ಯಾಕೆ ಇಷ್ಟು ಉರಿ?’ ಎಂದು ನೀನು ಕೇಳಿದೆ. ಶನಿವಾರದ ಮೀಟಿಂಗಿನಲ್ಲಿ ಶಿವಶಂಕರ್ ಮೆತ್ತಗೆ, ‘ಸುಕನ್ಯ ಮೇಡಂ, ಒಪ್ಕೊಂಡ್ರೆ ಮುಗೀತದಲ್ಲ, ಯಾರಾದ್ರೂ ತಪ್ಪು ಮಾಡ್ತಾರೆ ಬುಡಿ’ ಅಂದರು. ನೀನು ಕ್ಯಾಮರಾ ಆರಿಸಿ ಹೋದೆ.

ಬೀಚನಹಳ್ಳಿಯ ಅನು ಎಂಬ ಹುಡುಗಿ ನಾಲ್ಕು ತಿಂಗಳ ಬಸುರಿ. ಅವಳ ಗಂಡನಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಆ ಬದಲಾವಣೆ ಇದೆ ಎಂದು ರಿಪೋರ್ಟು ಬಂದಿದೆ. ಅವಳ ಡಾಕ್ಟರಿಗೆ ನಾನೇ ಫೋನ್ ಮಾಡಿ, ಅವಸರಪಡಬೇಡಿ, ನಮ್ಮ ಸಾಕ್ಷಿ ನಿಲ್ಲುವುದಿಲ್ಲ ಎಂದೆ. ‘ನೀವು ಬಾಯಲ್ಲಿ ಹೇಳಿದ್ರೆ ನಾನೇನ್ ಮಾಡ್ಲಿ ಮೇಡಂ, ನಿಮ್ಮ ವೆಬ್‌ಸೈಟಲ್ಲೇ ಖಚಿತ ಅಂತ ಐತೆ. ಅವರ ಮನೇವ್ರು ತೆಗೆಸೋಕೆ ಶುಕ್ರವಾರ ಬತ್ತೀವಿ ಅಂದವ್ರೆ’ ಎಂದರು. ಬರೆದವರು ಒಪ್ಪಿದರೆ ಆ ಸಾಲನ್ನು ಅವತ್ತೇ ಬದಲಿಸಬಹುದು. ಒಪ್ಪದಿದ್ದರೆ ಮುಂದಿನ ತಿಂಗಳ ಸಭೆಯವರೆಗೆ ಅದು ಹಾಗೇ ಇರುತ್ತದೆ. ಅಷ್ಟು ಹೊತ್ತು ಆ ಹೊಟ್ಟೆ ಕಾಯುವುದಿಲ್ಲ.

ನಿನ್ನ ಹೆಸರು ಕೆಡಬಾರದು ಎಂದಿದ್ದರೆ ತಪ್ಪು ನನ್ನದೆಂದೇ ಬರೆದುಕೋ. ನನಗೆ ಬೇಸರವಿಲ್ಲ. ಆದರೆ ಗುರುವಾರದೊಳಗೆ ‘ಖಚಿತ’ ತೆಗೆದು ‘ಇನ್ನೂ ಗೊತ್ತಿಲ್ಲ’ ಎಂದು ಹಾಕು. ಹಾಕಲಿಲ್ಲವೆಂದರೆ ಶುಕ್ರವಾರ ಬೆಳಿಗ್ಗೆ ನಾನು ಬೀಚನಹಳ್ಳಿಗೆ ಹೋಗಿ ಆ ಎರಡು ಲೇಖನವನ್ನೂ ಆ ಮನೆಯವರ ಮುಂದೆ ಓದುತ್ತೇನೆ, ಯಾರು ಬರೆದರು ಎಂಬುದನ್ನೂ ಹೇಳುತ್ತೇನೆ. ನಮ್ಮ ಸ್ನೇಹದ ಮಾತು ಎತ್ತಬೇಡ. ಅದು ಇದ್ದಿದ್ದಕ್ಕೇ ನನಗೆ ಇಷ್ಟು ಸಿಟ್ಟು.

ಸ್ಪಂದನಾ ಒಂದನೇ ಕ್ಲಾಸಿಗೆ ಸೇರಿದಳಂತೆ. ಮಗು ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ಅವಳಿಗೆ ನನ್ನ ಆಶೀರ್ವಾದ. ನಿನ್ನ ಮೇಲಿರುವುದು ಅವಳ ಮೇಲಿಲ್ಲ.

ಇಂತಿ,
ರೂಪಶ್ರೀ

ತಾ.ಕ.: ಯಾಕೆ ಇಷ್ಟು ಉರಿ ಎಂದು ಕೇಳಿದೆಯಲ್ಲ. ಹೋದ ವರ್ಷ ನಮ್ಮ ಯಜಮಾನ ಕಾಂತರಾಜು ಅವರ ದೊಡ್ಡಪ್ಪ ತೂರಾಡಿ ಬಿದ್ದರೆಂದು ನಮ್ಮ ರಕ್ತ ಪರೀಕ್ಷೆಗೆ ಕಳಿಸಿದವಳು ನೀನು. ಇವರಿಗೂ ನನ್ನ ಹೊಟ್ಟೆಯಲ್ಲಿದ್ದದ್ದಕ್ಕೂ ಅದೇ ಬದಲಾವಣೆ ಇತ್ತು. ನಿನ್ನ ಸಾಲನ್ನು ನೋಡಿ ಲ್ಯಾಬಿನವರು ‘ಖಚಿತ’ ಎಂದು ಬರೆದರು. ನಾವು ತೆಗೆಸಿದೆವು. ನೀನು ಆಸ್ಪತ್ರೆಯಲ್ಲಿ ನನ್ನ ತಲೆ ನೇವರಿಸಿ, ‘ಕಷ್ಟ ಪಡೋ ಜೀವ ಕಣೇ, ಹುಟ್ಟದಿದ್ದದ್ದೇ ಒಳ್ಳೇದಾಯ್ತು ಬುಡು’ ಅಂದೆ. ನಾನು ನಿನ್ನ ಕೈ ಬಿಟ್ಟಿರಲಿಲ್ಲ. ಹೋದ ವಾರ ನಮ್ಮ ಮಾವ ನಿಂಗಯ್ಯನವರ ಪರೀಕ್ಷೆಯ ರಿಪೋರ್ಟು ಬಂತು. ಅವರಿಗೂ ಅದೇ ಬದಲಾವಣೆ ಇದೆ. ಎಂಬತ್ತೊಂದು ವರ್ಷ. ಈಗಷ್ಟೇ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಗದ್ದೆ ಬದುವಿನ ಮೇಲೆ ನೆಟ್ಟಗೆ ನಡೆದು ಬಂದರು. ಇದನ್ನು ಕಾಂತರಾಜು ಅವರಿಗೆ ಇನ್ನೂ ಹೇಳಿಲ್ಲ. ನನಗೆ ಬಾಯಿ ಬರುತ್ತಿಲ್ಲ. ನೀನೇ ಬಂದು ಹೇಳು.