ಪ್ರೂಫಿನಲ್ಲಿದ್ದ ಸಂದೇಹ

ಪ್ರೆಸ್ಸು, ಪ್ರೂಫ್ ತಿದ್ದುವವರ ಕೋಣೆ
ಬುಧವಾರ, ಬೆಳಿಗ್ಗೆ ಹತ್ತು ಗಂಟೆ

ಕಂಠನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದದ್ದು ಕಾಣುತ್ತಿದೆ, ಕಾಣಲಿ. ‘ಪೂಜ್ಯ ಬೋಧಕರಿಗೆ’ ಎಂದು ಬರೆಯಲು ಕೈ ಏಳಲಿಲ್ಲ. ಇಲ್ಲಿ ಎಲ್ಲರೂ ನಿನ್ನನ್ನು ಕಂಠ ಎನ್ನುತ್ತಿದ್ದರು, ನನ್ನನ್ನು ಕೆಂಪಿ. ನಿನ್ನದು ದನಿಗೆ ಬಂದ ಹೆಸರು, ನನ್ನದು ಬೆರಳಿಗೆ ಅಂಟಿದ ಕೆಂಪು ಶಾಯಿಗೆ. ಗಂಡ ಹೆಂಡತಿ ಎಂಬುದು ಮುಗಿದು ಆರು ವರ್ಷವಾಯಿತು, ಆ ಅಡ್ಡಹೆಸರುಗಳಾದರೂ ಉಳಿದಿವೆ. ಜನರೆದುರು ನಿನಗೆ ‘ನೀವು’ ಎನ್ನುತ್ತಿದ್ದೆ. ಈ ಕಾಗದದಲ್ಲಿ ಜನರಿಲ್ಲ.

ಮೊದಲು ಕೆಲಸದ ಮಾತು. ಇದರ ಜೊತೆ, ನೀನು ಬಿಡಿಸಿದ ಮಗಳ ಮೂರ್ಛೆರೋಗದ ಮಾತ್ರೆಗಳಿವೆ. ಬೈಂಡಿಂಗಿನ ಅಕ್ಕ ನಿನ್ನ ಪ್ರಾರ್ಥನಾಸಭೆಗೆ ಬರುವವರು, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬೆಳಿಗ್ಗೆ ಒಂದು, ಸಂಜೆ ಒಂದು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಇಂದು ಸಂಜೆಯಿಂದಲೇ ಕೊಡಲು ಶುರು ಮಾಡಬೇಕು. ನಿನ್ನೆ ಡಾಕ್ಟರನ್ನು ಕಂಡು ಕೇಳಿದೆ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಉಸಿರೇ ನಿಂತುಹೋಗಬಹುದು ಎಂದರು. ಉಪವಾಸ ಬೇರೆ ಮಾಡುತ್ತಿದ್ದಾಳೆ ಎಂದಾಗ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಯಾವ ತಾಯಿ ಇದಕ್ಕೆ ಬಿಟ್ಟಳು ಎಂಬ ನೋಟ ಅದು.

ಬಿಟ್ಟಿಲ್ಲ, ಅವಳೇ ಹೋದಳು. ಹದಿನೆಂಟು ತುಂಬಿದ ಮರುವಾರ ಬ್ಯಾಗು ತುಂಬಿಕೊಂಡು ಅಪ್ಪನ ಹತ್ತಿರ ಇರುತ್ತೇನೆ ಎಂದಳು. ಠಾಣೆಗೂ ಹೋಗಿಬಂದೆ. ‘ಅವರೇ ಇಷ್ಟಪಟ್ಟು ಇದ್ದಾರಲ್ಲಮ್ಮ, ನಾವೇನ್ ಮಾಡೋಣ?’ ಎಂದು ಕಳಿಸಿದರು. ಹಾಗಾಗಿ ನನ್ನ ಕೈಯಲ್ಲಿ ಉಳಿದಿರುವುದು ಈ ಕಾಗದ ಒಂದೇ. ಭಾನುವಾರ ಉಪವಾಸದ ಹತ್ತನೆಯ ದಿನ, ಅಂದು ಅವಳು ವಾಸಿಯಾದಳೆಂದು ಸಾರುತ್ತೀಯಂತೆ. ಭಾನುವಾರದವರೆಗೆ ಅವಳು ಇರುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ.

ಸೋಮವಾರ ಸಂಜೆ ನಿನ್ನ ಸಭೆಗೆ ಬಂದಿದ್ದೆ. ಹಿಂದಿನ ಸಾಲಿನಲ್ಲಿ, ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಕೂತಿದ್ದವಳು ನಾನು. ಹಾಸಿಗೆ ಅಂಗಡಿಯ ಮೇಲಿನ ಆ ಹಾಲಿಗೆ ಕಾಲಿಟ್ಟಾಗಲೇ ಸ್ಕಾರ್ಫಿನ ಅಂಚನ್ನು ಮೂಗಿಗೆ ಹಿಡಿದೆ. ಒದ್ದೆ ಕಾರ್ಪೆಟ್ಟು, ನೂರಾರು ಕಾಲುಗಳ ವಾಸನೆ, ಅದರ ಮೇಲೆ ಫಿನಾಯಿಲು. ಕಿಟಕಿ ತೆಗೆಯಲು ಹೋದರೆ ಒಬ್ಬ ಹಿರಿಯರು ‘ಶಬ್ದ ಆಚೆ ಹೋಗುತ್ತಮ್ಮ’ ಎಂದು ತಡೆದರು. ಆಚೆ ಹೋಗಬಾರದ ಶಬ್ದ ಯಾವುದೆಂದು ಆಮೇಲೆ ತಿಳಿಯಿತು.

ನೀನು ಮೈಕಿಗೆ ಬಾಯಿ ಅಂಟಿಸಿಕೊಂಡು ಮಾತಾಡುತ್ತೀಯ. ಎಂಜಲು ಹಾರುವುದು ಹಿಂದಿನ ಸಾಲಿಗೂ ಕಾಣುತ್ತದೆ. ದನಿ ಮಾತ್ರ ಅದೇ. ಅದೇ ದನಿಯಲ್ಲಿ ಹದಿಮೂರು ವರ್ಷ ಈ ಮೇಜಿನ ಆಚೆ ಕೂತು ನೀನು ಮೂಲಪ್ರತಿ ಓದಿದೆ, ನಾನು ಈಚೆ ಕೂತು ಪ್ರೂಫಿನ ಮೇಲೆ ಪೆನ್ನು ಆಡಿಸಿದೆ. ಕಾಮಾ ಬಂದರೆ ನೀನು ಕಾಮಾ ಎನ್ನುತ್ತಿದ್ದೆ, ಫುಲ್‌ಸ್ಟಾಪ್ ಬಂದರೆ ಫುಲ್‌ಸ್ಟಾಪ್. ಮನೆಗೆ ಬಂದರೂ ಬಿಡದೆ ‘ಊಟ ಆಯ್ತಾ, ಪ್ರಶ್ನೆಚಿಹ್ನೆ’ ಎಂದು ಮಗಳನ್ನು ನಗಿಸುತ್ತಿದ್ದೆ. ಆ ದನಿಗೇ ನಾನು ಮರುಳಾದದ್ದು. ಈಗ ಅದು ಕಿವಿಗೆ ಬಿದ್ದರೆ ಸ್ನಾನ ಮಾಡಬೇಕು ಅನ್ನಿಸುತ್ತದೆ.

ಅಂದು ನೀನು ಹೇಳಿದ ಸಾಕ್ಷಿಯನ್ನು, ನೀನು ನಂಬಿಕೆಗೆ ಬಂದ ಕಥೆಯನ್ನು, ಪೂರ್ತಿ ಕೇಳಿದೆ. ಬೈಬಲಿನ ಎರಡನೆಯ ಸುವಾರ್ತೆಯಲ್ಲಿ ಮೂರ್ಛೆ ಬೀಳುವ ಹುಡುಗನ ಕಥೆ. ಶಿಷ್ಯರಿಂದ ಆಗದ್ದನ್ನು ಯೇಸು ಮಾಡುತ್ತಾನೆ, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಅವರು ಕೇಳಿದರೆ, ಇಂಥದ್ದು ಪ್ರಾರ್ಥನೆಯಿಂದಲೂ ಉಪವಾಸದಿಂದಲೂ ಮಾತ್ರ ಹೋಗುತ್ತದೆ ಎನ್ನುತ್ತಾನೆ. ನೀನು ಜನರಿಗೆ ಹೇಳಿದೆ: ‘ನಾನು ಪ್ರೂಫ್ ಓದ್ತಿದ್ದವನು. ಆ ಪುಟದ ಕೆಳಗೆ ಒಂದು ಟಿಪ್ಪಣಿ ಇತ್ತು. ತೀರಾ ಹಳೆಯ ಪ್ರತಿಗಳಲ್ಲಿ ಉಪವಾಸ ಅನ್ನೋ ಮಾತಿಲ್ಲ ಅಂತ. ಈ ಬಾಯಿಂದಲೇ ಓದಿದ್ದೆ. ವರ್ಷ ಕಳೆದು ನನ್ನ ಮಗಳು ಬಿದ್ದಳು. ಅಳುತ್ತಾ ಅಚ್ಚಾದ ಪುಸ್ತಕ ತೆಗೆದೆ. ಟಿಪ್ಪಣಿ ಇರಲಿಲ್ಲ. ಆ ಪುಟ ತಿದ್ದಿದವಳು ನನ್ನ ಹೆಂಡತಿ. ದೇವರನ್ನ ನಂಬದವಳು, ಆದರೆ ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗ್ತಿರಲಿಲ್ಲ. ಟಿಪ್ಪಣಿ ಇದೆ ಅಂತ ಅವಳೇ ಹೇಳಿದ್ದಳು. ಹಾಗಾದರೆ ಆ ಸಂದೇಹವನ್ನ ಅಳಿಸಿದವರು ಯಾರು?’

ಜನ ಮೇಲೆ ಕೈ ತೋರಿಸಿದರು. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ನಾನು ಸ್ಕಾರ್ಫನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಕಂಠ, ಪ್ರೆಸ್ಸಿನಲ್ಲಿ ಏನೆಲ್ಲ ಬಿದ್ದುಹೋಗುತ್ತದೆ ಎಂಬುದು ನಿನಗೆ ಗೊತ್ತಿಲ್ಲವೇ? ಸಾಲು ಹೋಗುತ್ತದೆ, ಪುಟದ ಸಂಖ್ಯೆ ಹೋಗುತ್ತದೆ, ಒಮ್ಮೆ ಇಡೀ ಮುನ್ನುಡಿಯೇ ತಲೆಕೆಳಗಾಗಿ ಹೋಗಿತ್ತು. ಆಗಿನ ಫೋರ್‌ಮನ್ ಅಚ್ಚಿನ ಪ್ಲೇಟು ಮಾಡುವ ಅವಸರದಲ್ಲಿ ಟಿಪ್ಪಣಿ ಕಿತ್ತುಹಾಕಿರಬೇಕು. ಪಾಪ, ಅವರು ಹೋಗಿಬಿಟ್ಟರು, ಕೇಳುವಂತಿಲ್ಲ. ಇಷ್ಟಕ್ಕೆ ಪವಾಡ ಎಂದು ಹೆಸರಿಟ್ಟು ಒಬ್ಬ ಹುಡುಗಿಯ ಹೊಟ್ಟೆಗೆ ಬೀಗ ಹಾಕುತ್ತಾರೆಯೇ?

ಆಮೇಲೆ ನೀನು ಮಗಳನ್ನು ಮುಂದೆ ಕರೆದೆ. ಮುಖದಲ್ಲಿ ರಕ್ತವಿರಲಿಲ್ಲ, ತುಟಿ ಒಡೆದಿತ್ತು. ಕಣ್ಣಿಗೆ ಹಾಕುವ ಔಷಧಿಯ ಖಾಲಿ ಸೀಸೆಯಲ್ಲಿ ಅಡುಗೆ ಎಣ್ಣೆ ತುಂಬಿ ಅವಳ ನೆತ್ತಿಗೆ ಹಿಂಡಿದೆ. ಎರಡೇ ನಿಮಿಷಕ್ಕೆ ಅವಳು ಬಿದ್ದಳು. ಆ ಶಬ್ದ ನನಗೆ ಗೊತ್ತು, ಹತ್ತು ವರ್ಷ ಪಕ್ಕದಲ್ಲಿ ಮಲಗಿ ಕೇಳಿದವಳು ನಾನು. ಓಡಿಬರಲು ಎದ್ದೆ, ಎದುರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮಗಳು ನೊರೆ ಕಾರುತ್ತಾ ಕೈಕಾಲು ಬಡಿಯುತ್ತಿದ್ದಾಳೆ, ಅದಕ್ಕೆ ಚಪ್ಪಾಳೆ. ನೀನು ಮೈಕಿನಲ್ಲಿ ‘ಹೋಗ್ತಾ ಇದೆ, ಹೋಗ್ತಾ ಇದೆ’ ಎಂದೆ. ಕಥೆಯ ಹುಡುಗನೂ ಸತ್ತಂತೆ ಬಿದ್ದು ಆಮೇಲೆ ಎದ್ದನಲ್ಲವೇ ಎಂದೆ. ಹಣೆಯ ಬೆವರು ಒರೆಸಿಕೊಂಡ ಕರವಸ್ತ್ರದಿಂದಲೇ ಅವಳ ಬಾಯಿ ಒರೆಸಿದೆ. ನಾನು ಮೆಟ್ಟಿಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಇದು ಮಾತಿಗೆ ಹೇಳಿದ್ದಲ್ಲ, ಮೂರನೆಯ ಮೆಟ್ಟಿಲನ್ನು ಕೇಳು.

ಸಭೆ ಮುಗಿದ ಮೇಲೆ ಅವಳು ಅಲ್ಲೇ ನನ್ನನ್ನು ಕಂಡಳು. ಮುಂದಿನ ಹಲ್ಲು ಅರ್ಧ ಮುರಿದಿದೆ, ಗೊತ್ತೇ? ಬ್ರೆಡ್ಡು ತಂದಿದ್ದೆ, ಮುಟ್ಟಲಿಲ್ಲ. ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಮೇಲೆ ಕನಿಕರಪಟ್ಟಳು. ‘ಅಮ್ಮ, ನೀನು ನಂಬಲ್ವಲ್ಲ, ಅದಕ್ಕೇ ಇಷ್ಟು ವರ್ಷ ನನಗೆ ವಾಸಿ ಆಗ್ಲಿಲ್ಲ. ಪರವಾಗಿಲ್ಲ, ನಿನ್ನ ಪಾಲಿಂದೂ ನಾನೇ ಉಪವಾಸ ಮಾಡ್ತಿದ್ದೀನಿ’ ಎಂದಳು. ಈ ಮಾತನ್ನು ಅವಳ ಬಾಯಿಗೆ ಹಾಕಿದವನು ನೀನು. ಅದಕ್ಕಾಗಿ ನಿನ್ನನ್ನು ಕ್ಷಮಿಸುವುದಿಲ್ಲ.

ನಂಬದವಳು ಎಂದು ನನ್ನನ್ನು ಮೈಕಿನಲ್ಲಿ ಹೇಳಿದೆ, ಸರಿ. ಯಾಕೆ ನಂಬುವುದಿಲ್ಲ ಎಂದೂ ಕೇಳು. ಆ ನಾಲ್ಕು ಸುವಾರ್ತೆಗಳನ್ನು ಬರೆದವರು ಒಳಗೆ ಎಲ್ಲೂ ತಮ್ಮ ಹೆಸರು ಹಾಕಿಲ್ಲ, ಹೆಸರು ಅಂಟಿಸಿದ್ದು ಆಮೇಲಿನವರು ಎಂದು ಬೈಬಲ್ ಪರಿಷ್ಕರಣ ಸಮಿತಿಯ ಹಿರಿಯ ಪಾದ್ರಿಯೇ ಇದೇ ಮೇಜಿನ ಮುಂದೆ ಕೂತು ನಮಗೆ ಹೇಳಿದ್ದರು. ನಡೆದದ್ದು ಒಂದು ಕಾಲ, ಬರೆದದ್ದು ದಶಕಗಳ ನಂತರ. ಬರೆದವರ ಕೈಯ ಒಂದು ಹಾಳೆಯೂ ಉಳಿದಿಲ್ಲ, ಇರುವುದು ನಕಲಿನ ನಕಲು. ನಕಲು ಮಾಡಿದವರು ಯಾರು? ನಮ್ಮಂಥವರು. ಬೆನ್ನು ನೋಯುತ್ತಿದ್ದವರು, ಕಣ್ಣು ಮಂಜಾದವರು. ಅವರಲ್ಲೊಬ್ಬ ಉಪವಾಸದ ಮೇಲೆ ಬಲು ಭಕ್ತಿ ಇದ್ದವನು, ಪ್ರಾರ್ಥನೆ ಎಂದಿದ್ದಲ್ಲಿ ಇನ್ನೊಂದು ಮಾತು ಸೇರಿಸಿದ. ಪಾದ್ರಿಗಳು ಅದನ್ನು ಹೇಳಿ ನಕ್ಕರು, ನೀನೂ ನಕ್ಕೆ. ಅವರ ನಂಬಿಕೆಗೆ ಏನೂ ಆಗಲಿಲ್ಲ. ಟಿಪ್ಪಣಿ ಹಾಕಿ, ಓದುವವರಿಗೆ ನಿಜ ಗೊತ್ತಿರಲಿ ಎಂದರು. ಅಂಥ ನಂಬಿಕೆಯ ಎದುರು ನಾನು ಇವತ್ತಿಗೂ ಎದ್ದು ನಿಲ್ಲುತ್ತೇನೆ. ನಿನ್ನದು ಅದಲ್ಲ.

ಆ ಕಥೆಯಲ್ಲಿ ನನಗೆ ಹಿಡಿಸುವ ಒಬ್ಬನೇ ಮನುಷ್ಯ ಹುಡುಗನ ಅಪ್ಪ. ನಂಬುತ್ತೇನೆ, ಆದರೆ ಪೂರ್ತಿ ಆಗುತ್ತಿಲ್ಲ, ನೀನೇ ಕೈಹಿಡಿ ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ. ಮಗನನ್ನು ಉಪವಾಸ ಕೆಡವುವುದಿಲ್ಲ, ವೇದಿಕೆ ಹತ್ತಿಸುವುದಿಲ್ಲ. ನೀನು ಒಂದು ಕಾಲಕ್ಕೆ ಅಂಥ ಅಪ್ಪನೇ ಆಗಿದ್ದೆ.

ಗೋದಾಮಿನವರಿಗೆ ಆ ವರ್ಷದ ಪ್ರೂಫ್ ಕಟ್ಟು ಹುಡುಕಲು ಹೇಳಿದ್ದೇನೆ. ಸಿಕ್ಕರೆ ಅಕ್ಕನ ಕೈಯಲ್ಲಿ ಅದನ್ನೂ ಕಳಿಸುತ್ತೇನೆ. ಟಿಪ್ಪಣಿ ಇತ್ತೆಂದು ನೀನೇ ಒಪ್ಪಿದ್ದೀಯಲ್ಲ, ಅದನ್ನು ಮಗಳಿಗೆ ತೋರಿಸಿ, ಉಪವಾಸ ಬಿಡಿಸಿ, ಮಾತ್ರೆ ಕೊಡು. ನಿನ್ನ ಸಭೆ, ನಿನ್ನ ಮೈಕು, ನಿನ್ನ ದೇವರು, ಯಾವುದೂ ನನಗೆ ಬೇಡ. ಅವಳೊಬ್ಬಳು ಬದುಕಿರಲಿ.

ಇಂತು,
ಕೆಂಪಿ

ಮತ್ತೆ: ಮಧ್ಯಾಹ್ನ ಮೂರು ಗಂಟೆ. ಅಕ್ಕ ಹೊರಡಲು ಬಾಗಿಲಲ್ಲಿ ನಿಂತಿದ್ದಾರೆ. ಕಟ್ಟು ಸಿಕ್ಕಿತು, ಆ ಹಾಳೆ ಇದರ ಜೊತೆಗಿದೆ. ಮಡಿಕೆ ಬಿಚ್ಚಿ ನೋಡು. ಟಿಪ್ಪಣಿಯ ಎರಡು ಸಾಲಿನ ಮೇಲೆ ಕೆಂಪು ಗೀಟು, ಅಂಚಿನಲ್ಲಿ ‘ತೆಗೆಯಿರಿ’, ಅದರ ಕೆಳಗೆ ನನ್ನ ಸಹಿ. ಮೇಲೆ ಫೋರ್‌ಮನ್ ತಲೆಗೆ ಕಟ್ಟಿದ್ದು ಸುಳ್ಳು. ಬೆಳಿಗ್ಗೆ ಬರೆಯುವಾಗಲೂ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹಾಳೆ ಸಿಗದಿದ್ದರೆ ಸಾಕು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಆ ದಿನ ಪುಟದಲ್ಲಿ ಒಂದು ಸಾಲು ಹೆಚ್ಚಾಗಿತ್ತು. ಟಿಪ್ಪಣಿ ಉಳಿಸಿದರೆ ಮುಂದಿನ ಹನ್ನೆರಡು ಪುಟ ಜರುಗಿಸಿ ಮತ್ತೆ ಓದಬೇಕಿತ್ತು. ನೀನು ಟಿಪ್ಪಣಿ ಓದಿ ಮುಗಿಸಿ ನೀರು ಕುಡಿಯಲು ಎದ್ದುಹೋಗಿದ್ದೆ. ನಾನು ಹೊಡೆದುಹಾಕಿದೆ. ಪಾದ್ರಿಗಳನ್ನು ಕೇಳಲೂ ಇಲ್ಲ. ನಂಬದ ಪುಸ್ತಕದಲ್ಲಿ ಒಂದು ಪದ ಇದ್ದರೇನು, ಹೋದರೇನು ಎಂದುಕೊಂಡೆ. ನಂಬುವವರಿಗೆ ಅದು ಏನಾಗಬಹುದೆಂದು ಯೋಚಿಸಲಿಲ್ಲ. ಸಂಜೆ ನೀನು ‘ಆ ಟಿಪ್ಪಣಿ ಇದೆ ತಾನೇ?’ ಎಂದು ಕೇಳಿದೆ. ‘ಇದೆ’ ಎಂದೆ. ಮಗಳು ಬಿದ್ದ ಮೇಲೆ ನೀನು ಪುಸ್ತಕ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಾಗಲೂ ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆಂಬ ಭಯ ಮೊದಲು, ಆಮೇಲೆ ನಾಚಿಕೆ. ನಿನ್ನ ಮೇಲೆ ಇಷ್ಟೊಂದು ಅಸಹ್ಯ ಕಾರಿದೆನಲ್ಲ, ಅದರಲ್ಲಿ ಅರ್ಧ ನನ್ನದೇ.

ಹತ್ತು ವರ್ಷ ನೀನು ನಂಬಿಕೊಂಡು ಬಂದದ್ದು ನನ್ನ ಒಂದು ಮಾತನ್ನು. ಈಗ ಇದನ್ನೂ ನಂಬು. ಮಗಳಿಗೆ ನೀನೇ ಓದಿ ಹೇಳು, ನಿನ್ನ ದನಿಯಲ್ಲಿ, ಕಾಮಾ ಫುಲ್‌ಸ್ಟಾಪು ಸಮೇತ: ಅವಳನ್ನು ಉಪವಾಸ ಕೂರಿಸಿದ್ದು ಅವಳ ಅಮ್ಮ.