ದನ-ಜನ ಕ್ಷೇಮವೇ?

ಫೆಬ್ರವರಿ 9, ಸೋಮವಾರ

ಮತ್ತೆ ಸರ್ವರ್ ಕೈಕೊಟ್ಟಿತು. ಲೈನ್ ಸುಮಾರು ಹೊತ್ತು ಮೂಕ. ರಿಪೇರಿಗೆ ಹುಡುಗರಿಲ್ಲ. ಇದ್ದವರನ್ನೆಲ್ಲ ಕಂಪನಿಯ ಮಾಲೀಕ ಔಯೆಜ್ ಮೇಲಿನ ಮಹಡಿಗೆ ಎಳೆದುಕೊಂಡಿದ್ದಾನೆ, ತನ್ನ ಮಾತಾಡುವ ಪೆಟ್ಟಿಗೆಗೆ. ಅದರ ಹೆಸರು ಅಕಿಲ್ಶಾ, ಅಂದರೆ ಜಾಣಮರಿ. ಹಾಡು ಹಾಕುತ್ತದೆ, ಊಟ ತರಿಸುತ್ತದೆ, ಜೋಕು ಹೇಳುತ್ತದೆ. ಮಾರ್ಚ್ ಎಂಟರ ಮಹಿಳಾ ದಿನಕ್ಕೆ ಅಲ್ಮಾಟಿಯ ಪ್ರತಿ ತಾಯಿಯ ಅಡುಗೆಮನೆಯಲ್ಲೂ ಒಂದು ಕೂತಿರಬೇಕಂತೆ.

ಕೆಳಗಿನ ಮಹಡಿ ನಮ್ಮದು. ಬಯಲಿನ ಕುರಿಗಾಹಿಗಳ ಲೈನ್. ಯಾವ ದಾರಿ ಹಿಮದಲ್ಲಿ ಮುಚ್ಚಿದೆ, ಬಿರುಗಾಳಿ ಯಾವಾಗ, ಒಣಹುಲ್ಲು ಎಲ್ಲಿ ಸಿಗುತ್ತದೆ — ಒಬ್ಬ ಹೇಳಿದ್ದನ್ನು ಸುತ್ತಲಿನವರಿಗೆಲ್ಲ ಮುಟ್ಟಿಸುತ್ತೇವೆ. ಕಂಪನಿ ಹುಟ್ಟಿದ್ದೇ ಇದರಿಂದ. ಇವತ್ತಿಗೂ ಎಲ್ಲರ ಹೊಟ್ಟೆ ತುಂಬಿಸುತ್ತಿರುವುದು ಇದೇ. ಮೇಲಿನವರಿಗೆ ನಾವೀಗ ಹಳೇ ಸೋಫಾ.

ನನ್ನ ಪಕ್ಕದ ಮೇಜಿನ ಹಿರಿಯಕ್ಕ ಕುಲ್ಜಿರಾ ಅಪಾ ಮಾತ್ರ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ಲೈನ್ ಬಂದ ಕೂಡಲೇ ಫೋನ್ ಎತ್ತಿ, "ದನ-ಜನ ಕ್ಷೇಮವಾ?" ಮೊದಲು ಕುರಿ-ಕುದುರೆ, ಆಮೇಲೆ ಮನುಷ್ಯ. ಅಜ್ಜಂದಿರ ಕಾಲದಿಂದ ಬಯಲಿನಲ್ಲಿ ಕೇಳುವ ಕ್ರಮ ಅದೇ. ದನ ಉಳಿದರೆ ತಾನೇ ಜನ.

ಫೆಬ್ರವರಿ 13

ಮೀಟಿಂಗ್. ತಲೆ ಸಿಡಿಯುತ್ತಿದೆ.

ಇನ್ನು ಮೇಲೆ ಲೈನ್ ಎತ್ತುವುದು ಅಕಿಲ್ಶಾ. ದಾರಿ, ಹುಲ್ಲು, ಅಪಾಯ ಅಂತ ತಿಳಿದರೆ ನಮಗೆ ದಾಟಿಸುತ್ತದೆ. ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ. ಹೂಡಿಕೆದಾರರಿಗೆ ತೋರಿಸಬೇಕಲ್ಲ, ನಿಜವಾದ ಜನ ಪೆಟ್ಟಿಗೆಯ ಜೊತೆ ಮಾತಾಡುತ್ತಿದ್ದಾರೆ ಅಂತ.

"ನಿನ್ನ ಲೈನು ಹಾಲು ಕೊಡೋ ಹೆಣ್ಣುಕುದುರೆ ಇದ್ದಂಗೆ, ಮಕ್ಪಾಲ್. ಒಪ್ತೀನಿ," ಅಂದ ಔಯೆಜ್. "ಆದ್ರೆ ಸಂತೇಲಿ ಎಲ್ಲಾರೂ ನೋಡೋದು ಮರೀನ."

"ತಾಯಿ ಸತ್ತ ಮರೀನ ಯಾರೂ ಕೊಳ್ಳಲ್ಲ ಕಣೋ."

ಎಲ್ಲರೂ ನಕ್ಕರು. ಅವನೂ ನಕ್ಕ. ಒಟ್ಟಿಗೆ ಓದಿದವರು, ಅಷ್ಟು ಸಲಿಗೆ ಇದೆ. ಬಯಲಿನ ಮಾತು ಕೇಳಿಸಿ ಮೊದಲು ಪರೀಕ್ಷೆ ಮಾಡಿ ಅಂದೆ. ಪೆಟ್ಟಿಗೆಗೆ ಮಾತು ಕಲಿಸಿದ ಹುಡುಗರು ಹುಟ್ಟಾ ಪಟ್ಟಣದವರು. ಒಂದು ವಾಕ್ಯದಲ್ಲಿ ಅರ್ಧ ಕಜಕ್, ಅರ್ಧ ರಷ್ಯನ್. ಅಜ್ಜಿಯ ಜೊತೆ ಮಾತಾಡಲೂ ಅವರಿಗೆ ದುಭಾಷಿ ಬೇಕು.

"ಲಾಂಚ್ ಆಗ್ಲಿ, ಆಮೇಲೆ ಮಾಡೋಣ."

ಆಮೇಲೆ. ಈ ಕಟ್ಟಡದಲ್ಲಿ ಎಲ್ಲವೂ ಆಮೇಲೆ.

ಫೆಬ್ರವರಿ 20

ಅಣ್ಣ ಫೋನ್ ಮಾಡಿದ್ದ. ಒರಾಜ್‌ಬೆಕ್ ಅಣ್ಣನ ಚಳಿಗಾಲದ ಬೀಡು ಅಯಾಗೊಜ್ ಪಟ್ಟಣದಿಂದ ಎಷ್ಟೋ ಆಚೆ. ಅಲ್ಲಿ ಮೊಬೈಲ್ ಸಿಗುವುದಿಲ್ಲ. ಕಂಪನಿ ಕೊಟ್ಟ ಉಪಗ್ರಹ ಫೋನ್ ಇದೆ, ಅದು ನಮ್ಮ ಲೈನಿಗೆ ಮಾತ್ರ ಹೋಗುತ್ತದೆ. ನನ್ನ ಜೊತೆ ಮಾತಾಡಬೇಕೆಂದರೆ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಹತ್ತಿದ್ದ, ಗೇಲಿ ಮಾಡುವುದಕ್ಕೇ.

"ಏನೇ, ನಿಮ್ಮ ಲೈನಲ್ಲಿ ಯಾವಳೋ ಹೊಸ ಹುಡುಗಿ? ದನದ ಸುದ್ದಿನೇ ಕೇಳಲ್ಲ. 'ನಿಮ್ಮ ಮನಸ್ಸು ಹೇಗಿದೆ?' ಅಂತಾಳೆ. ನಂಗೆ ಮದುವೆ ಆಗಿದೆ ತಾಯಿ ಅಂದೆ!"

ಹಿಂದಿನಿಂದ ಅತ್ತಿಗೆಯ ನಗು. ನಾನೂ ನಕ್ಕೆ. ಎಷ್ಟು ದಿನವಾಗಿತ್ತು ನಕ್ಕು.

ಫೆಬ್ರವರಿ 27

ಈ ವಾರ ಹಿಮದ ಬದಲು ಮಳೆ. ಪಟ್ಟಣದವರಿಗೆ ಹಬ್ಬ, ಕೋಟು ಬಿಚ್ಚಿ ಓಡಾಡುತ್ತಿದ್ದಾರೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ. ಫೆಬ್ರವರಿಯ ಬೆಚ್ಚನೆ ಹವೆಯನ್ನು ನಂಬಬೇಡ ಅನ್ನುತ್ತಿದ್ದ.

ಲೈನ್ ಸುಮ್ಮನಿದೆ. ನಮ್ಮ ಕಡೆಗೆ ಕರೆಗಳೇ ದಾಟುತ್ತಿಲ್ಲ. ಅಪಾ ಕಾಲುಚೀಲ ಹೆಣೆಯುತ್ತಾ ಕೂತಿದ್ದಾರೆ. "ಈ ಹವಾದಲ್ಲಿ ಯಾರೂ ಫೋನ್ ಮಾಡ್ತಿಲ್ಲ ಅಂದ್ರೆ ನಂಗೆ ಸಮಾಧಾನ ಆಗಲ್ಲ ಮಗಳೇ," ಅಂದರು. ದಾರಿ ಸರಿ ಇದೆಯೇನೋ ಅಪಾ ಅಂದೆ.

ಸಂಜೆ ಔಯೆಜ್ ಕೇಕ್ ಹಿಡಿದು ಕೆಳಗಿಳಿದ. ಗೋಡೆಯ ಸ್ಕ್ರೀನಿನಲ್ಲಿ ಒಂದು ಗೆರೆ ಗುಡ್ಡದ ಹಾಗೆ ಎದ್ದಿದೆ. 'ಭಯ ಹೇಳಿಕೊಂಡವರು.'

"ನೋಡು ಮಕ್ಪಾಲ್! ಬಯಲಿನ ಗಂಡಸರು! ಹೆಂಡ್ತಿ ಹತ್ರಾನೂ ಬಾಯಿ ಬಿಡದೋರು, ನಮ್ಮ ಜಾಣಮರಿ ಹತ್ರ ಎದೆ ಬಿಚ್ಚಿ ಭಯ ಹೇಳ್ಕೊಳ್ತಿದಾರೆ!"

ಕೇಕ್ ತಿಂದೆ. ಚೆನ್ನಾಗಿತ್ತು.

ಮಾರ್ಚ್ 2, ಸೋಮವಾರ. ಬೆಳಿಗ್ಗೆ

ಕಾಮ್‌ಶಾತ್ ಅತ್ತಿಗೆ, ಗುಡ್ಡದ ಮೇಲಿಂದ. ಏದುಸಿರು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು.

"ಎರ್ಕೆಜಾನ್..." ಮದುವೆಯಾಗಿ ಬಂದಾಗಿನಿಂದ ನನ್ನ ಹೆಸರು ಹಿಡಿದು ಕರೆದವಳಲ್ಲ, ಮುದ್ದಿನವಳೇ ಅಂತಲೇ ಕರೆಯುವುದು. "ಝುತ್ ಬಿದ್ದಿದೆ ಕಣೇ. ಗುರುವಾರದಿಂದ. ಗುಡ್ಡ ಪೂರ್ತಿ ಮಂಜುಗಡ್ಡೆ, ಇವತ್ತೇ ಹತ್ತೋಕಾಗಿದ್ದು. ನಿಮ್ಮಣ್ಣ ಎಷ್ಟು ಸಲ ಹೇಳಿದ್ರು ಲೈನಿಗೆ! ಹುಲ್ಲು ಎಲ್ಲಿದೆ ಹೇಳಿ, ದಾರಿ ಹೇಳಿ ಅಂತ. ನಿಮ್ಮ ಹುಡುಗಿ... ಉಸಿರಾಡೋದು ಹೇಳಿಕೊಡ್ತಾಳೆ. ಒಳಗೆ ಎಳ್ಕೊಳ್ಳಿ, ಹೊರಗೆ ಬಿಡಿ ಅಂತ. ಆಮೇಲೆ ದೊಂಬ್ರಾ ತಂತಿ ಮೀಟ್ತಾಳೆ."

"ಅಣ್ಣ ಎಲ್ಲಿ?"

"ಕಾದು ಕಾದು ಸಾಕಾಗಿ, ನಿನ್ನೆ ತಾವೇ ಹುಲ್ಲು ಹುಡುಕಿಕೊಂಡು ಹೊರಟ್ರು. ಕುದುರೆ ಮೇಲೆ. ಇನ್ನೂ ಬಂದಿಲ್ಲ."

ಮಧ್ಯಾಹ್ನ

ರೆಕಾರ್ಡಿಂಗ್ ಕೇಳಿದೆ. ಕೇಳಬಾರದಿತ್ತು. ಕೇಳಲೇಬೇಕಿತ್ತು.

ಝುತ್. ಮಳೆ ಬಿದ್ದು ಹಿಮ ಕರಗಿ, ಮರುದಿನ ಹೆಪ್ಪುಗಟ್ಟಿ, ಹುಲ್ಲಿನ ಮೇಲೆ ಗಾಜಿನ ಮುಚ್ಚಳ. ಗೊರಸು ಕೆರೆದರೂ ಒಡೆಯುವುದಿಲ್ಲ. ಹಿಂಡು ನಿಂತಲ್ಲೇ ಹಸಿದು ಸಾಯುತ್ತದೆ. ನಮ್ಮ ಬಯಲಿನಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಆದರೆ ರಷ್ಯನ್ನಿನಲ್ಲೂ ಝುತ್ ಅಂತ ಒಂದು ಮಾತಿದೆಯಲ್ಲ, ಕೊನೆ ಸ್ವಲ್ಪ ಮೆತ್ತಗೆ. ಭಯಂಕರ, ಎದೆ ಝಲ್ ಅನ್ನುತ್ತದೆ, ಅಷ್ಟೇ ಅರ್ಥ. ಸಿನಿಮಾ ನೋಡಿ ಬಂದ ಹುಡುಗಿಯರು ಹೇಳುವ ಮಾತು. ಪೆಟ್ಟಿಗೆ ಕಲಿತದ್ದು ಅದನ್ನು. ಝುತ್ ಅಂದವರೆಲ್ಲ ಹೆದರಿದವರು. ಹೆದರಿದವರು ಹುಲ್ಲು, ದಾರಿ ಅಂದರೂ ಬರೀ ಸಮಾಧಾನ ಹೇಳು, ಯಾರಿಗೂ ದಾಟಿಸಬೇಡ.

ಆ ಗುಡ್ಡದಂಥ ಗೆರೆ... ಅದರ ಕೆಳಗೆ ಕೂತು ಕೇಕ್ ತಿಂದಿದ್ದೆ.

ಅಣ್ಣನ ದನಿ ಇದೆ. "ಝುತ್. ಝುತ್ ಅಂತಿದೀನಿ. ಕೇಳಿಸ್ತಾ ತಾಯಿ? ಝುತ್." ಪೆಟ್ಟಿಗೆ: "ನಿಮ್ಮ ಭಯ ನನಗೆ ಅರ್ಥವಾಗುತ್ತದೆ." ಅಣ್ಣ ಮತ್ತೊಮ್ಮೆ ಝುತ್ ಅಂದ. ಆಮೇಲೆ: "ನನ್ನ ತಂಗಿ ಅಲ್ಲೇ ಇದಾಳೆ. ಮಕ್ಪಾಲ್ ಅಂತ. ಅವಳನ್ನ ಕರೀತೀರಾ?"

ದೊಂಬ್ರಾ.

ಮಾರ್ಚ್ 3

ಅಯಾಗೊಜ್‌ನ ರಕ್ಷಣಾ ದಳದವರು ನಿನ್ನೆಯೇ ಹೊರಟರು. ಗಾಳಿ ಎದ್ದಿದೆ, ವಾಪಸ್ ಬಂದರು. ಮತ್ತೆ ಹೊರಟಿದ್ದಾರೆ.

ಔಯೆಜ್‌ಗೆ ರೆಕಾರ್ಡಿಂಗ್ ಕೇಳಿಸಿದೆ. ಕೂತುಬಿಟ್ಟ. ಮುಖ ಬೂದಿ. ಚಿಕ್ಕಂದಿನಲ್ಲಿ ಅವನೂ ನಮ್ಮ ಬೀಡಿಗೆ ಬಂದು ಅಣ್ಣನ ಕುದುರೆಯಿಂದ ಬಿದ್ದವನೇ.

"ಪೆಟ್ಟಿಗೇನ ಲೈನಿಂದ ಕಿತ್ತು ಹಾಕು," ಅಂದೆ.

"ಶುಕ್ರವಾರದವರೆಗೆ... ಡೆಮೊ ನಿಂತಿರೋದೇ ಆ ಲೈನ್ ಮೇಲೆ ಮಕ್ಪಾಲ್. ಅವತ್ತು ಹೂಡಿಕೆದಾರರು ಸಹಿ ಹಾಕ್ದೆ ಹೋದ್ರೆ ಮೇಲಿನ ಮಹಡಿನೂ ಇಲ್ಲ, ನಿನ್ನ ಮಹಡಿನೂ ಇಲ್ಲ. ಆ ಒಂದು ಪದ ಸೇರಿಸೋಕೆ ಹೇಳ್ತೀನಿ."

"ಎಷ್ಟು ಹೊತ್ತಾಗುತ್ತೆ?"

"ನಾಳೆ. ನಾಡಿದ್ದು. ಪೂರ್ತಿ ಪರೀಕ್ಷೆ ಮಾಡ್ಬೇಕಲ್ಲ."

ಈಗ ಪರೀಕ್ಷೆ ಬೇಕು! ಅವನ ಮೇಜಿನ ಮೇಲಿದ್ದ ಪೆಟ್ಟಿಗೆ ನಮ್ಮ ಕೂಗಾಟ ಕೇಳಿ ತಾನಾಗಿ ಎಚ್ಚರವಾಯಿತು. ನಿಮ್ಮ ಮನಸ್ಸು ಹೇಗಿದೆ ಅಂತ ಕೇಳಿತು. ಎತ್ತಿ ಗೋಡೆಗೆ ಹೊಡೆದೆ.

ಮಾರ್ಚ್ 4

ಕಿತ್ತು ಹಾಕಿದೆ. ಯಾರನ್ನೂ ಕೇಳಲಿಲ್ಲ. ಕರೆಗಳನ್ನೆಲ್ಲ ನೇರ ನಮ್ಮ ಮೇಜಿಗೆ ತಿರುಗಿಸಿ, ಸರ್ವರ್ ಕೋಣೆಗೆ ಬೀಗ ಹಾಕಿ, ಕೀಲಿ ಅಪಾ ಕೈಗೆ ಕೊಟ್ಟೆ. ಅದು ಅವರ ಕಾಲುಚೀಲದೊಳಗೆ ಹೋಯಿತು. "ಬಂದು ಬಿಚ್ಚಿಸ್ಲಿ ನೋಡೋಣ," ಅಂದರು. ಔಯೆಜ್ ಬಾಗಿಲವರೆಗೆ ಬಂದ. ಒಂದು ಹೆಡ್‌ಫೋನ್ ತೆಗೆದುಕೊಂಡು ಮೂಲೆಯಲ್ಲಿ ಕೂತ. ನಾನು ಅವನ ಕಡೆ ನೋಡಲಿಲ್ಲ.

ಲೈನ್ ತೆರೆದದ್ದೇ ತಡ, ಪ್ರವಾಹ. ಎಲ್ಲ ಬೀಡಿನಿಂದಲೂ ಅದೇ ಮಾತು. ಒಬ್ಬ ಮುದುಕ ಅಳುತ್ತಿದ್ದ — ಕುರಿ ಸತ್ತದ್ದಕ್ಕಲ್ಲ, ಮನುಷ್ಯರ ದನಿ ಕೇಳಿದ್ದಕ್ಕೆ. ಹುಲ್ಲಿನ ಲಾರಿಗಳು ದಕ್ಷಿಣದ ದಾರಿಯಲ್ಲಿ ನಿಂತಿವೆಯಂತೆ, ಯಾವ ಬೀಡಿಗೆ ಹೋಗಬೇಕೋ ತಿಳಿಯದೆ. ನಿಂತಿವೆ! ಶನಿವಾರದಿಂದ! ಅದರ ಚಾಲಕನೊಬ್ಬನೂ ಲೈನಿಗೆ ಹೇಳಿದ್ದ — ಎಲ್ಲಾ ಕಡೆ ಝುತ್ ಅಂತೆ, ನಾನೆಲ್ಲಿಗೆ ಹೋಗಲಿ ಅಂತ. ಅವನಿಗೂ ಉಸಿರಾಟದ ಪಾಠವೇ ಸಿಕ್ಕಿತು.

ಅಣ್ಣ ಉತ್ತರಕ್ಕೆ ಹೋಗಿದ್ದಾನಂತೆ, ಅತ್ತಿಗೆ ಹೇಳಿದಳು. ಹುಲ್ಲು ಇದ್ದದ್ದು ದಕ್ಷಿಣದಲ್ಲಿ. ಒಂದು ಮಾತು ಸಾಕಿತ್ತು. ಒಂದೇ ಒಂದು ಮಾತು.

ದೇವರೇ, ಅವನನ್ನು ನನಗೆ ಕೊಡು. ಕಂಪನಿ ಹಾಳಾಗಿ ಹೋಗಲಿ.

ಮಾರ್ಚ್ 5, ಬೆಳಿಗ್ಗೆ

ಕರೆಗಳ ನಡುವೆ ಗೀಚುತ್ತಿದ್ದೇನೆ. ಬರೆಯದಿದ್ದರೆ ಕೂಗಿಬಿಡುತ್ತೇನೆ.

ಲಾರಿಗಳು ಬೀಡುಗಳಿಗೆ ಮುಟ್ಟುತ್ತಿವೆ. ಅಣ್ಣನ ಕೊಟ್ಟಿಗೆಗೂ ಹುಲ್ಲು ಬಿತ್ತಂತೆ. ರಕ್ಷಣೆಯವರಿಂದ ಸುದ್ದಿ ಇಲ್ಲ. ಅಪಾ ನನ್ನ ಮುಂದೆ ಹಾಲು ಹಾಕಿದ ಚಹಾ ಇಟ್ಟು ಹೋದರು. ಕೆನೆಗಟ್ಟಿದೆ.

ಸ್ಕ್ರೀನಿನಲ್ಲಿ ಅಣ್ಣನ ಬೀಡಿನ ಫೋನ್. ಅತ್ತಿಗೆ. ಏನು ಕೇಳಲಿ? ಬಾಯಿಗೆ ಬಂದದ್ದು ಅಭ್ಯಾಸದ ಮಾತು — ದನ-ಜನ ಕ್ಷೇಮವಾ?

ಆ ಕಡೆ ಗಾಳಿಯೂ ಇಲ್ಲ. ಅತ್ತಿಗೆ ನಿಧಾನಕ್ಕೆ, "ಕುದುರೆ ಒಂದೇ ಬಂತು, ಎರ್ಕೆಜಾನ್. ಜೀನು ಹಾಗೇ ಇದೆ." ಲೈನ್ ಇನ್ನೂ ಇದೆ. ಫೋನ್ ಕಿವಿಯಲ್ಲೇ ಇದೆ, ಅವಳು ಇಡುತ್ತಿಲ್ಲ, ನಾನೂ ಇಡುತ್ತಿಲ್ಲ.

ದನ ಬಂದಿದೆ. ಜನ —