ದಿಲ್ಷಾದ್ ಬೀ ಜಗಲಿ

೧೬-೫-೧೯೭೮, ಮಂಗಳವಾರ

ರಾತ್ರಿ ಊಟ ಸೇರಲಿಲ್ಲ. ಬಳೆ ಮಾರುವ ದಿಲ್ಷಾದ್ ಬೀ, ತನ್ನ ಮನೆ ಜಗಲಿ ಎರಡಡಿ ಬೀದಿಗೆ ಬಂದಿರುವುದಕ್ಕೆ ವಿನಾಯಿತಿ ಕೇಳಿ ಪುರಸಭೆಗೆ ಅರ್ಜಿ ಹಾಕಿದ್ದಳು. ಅಲ್ಲಿ ಕೂತೇ ಅವಳ ವ್ಯಾಪಾರ. ಈವತ್ತು ಸ್ಥಳ ತನಿಖೆಗೆ ಅಧ್ಯಕ್ಷರು, ಮೂವರು ಸದಸ್ಯರು, ಟೇಪು ಹಿಡಿದ ಓವರ್‌ಸಿಯರ್ ನಾನು.

“ಬಿಸ್ಲಲ್ಲಿ ಯಾಕೆ ನಿಲ್ತೀರಾ, ಕೂತ್ಕೊಳ್ಳಿ ಸಾಬ್” ಎಂದು ಬಳೆ ಬುಟ್ಟಿ ಸರಿಸಿ ಅದೇ ಜಗಲಿಯನ್ನು ಸೆರಗಿನಲ್ಲಿ ಒರೆಸಿಕೊಟ್ಟಳು. ಎಲ್ಲರೂ ಬೇವಿನ ನೆರಳಲ್ಲಿ ಕಾಲು ಇಳಿಬಿಟ್ಟು ಕೂತು ಅವಳು ಕೊಟ್ಟ ಶರಬತ್ತು ಕುಡಿದರು. ನಾನೂ ಕುಡಿದೆ. ಲೋಟ ಕೆಳಗಿಡುವ ಮೊದಲೇ ತೀರ್ಮಾನವಾಯಿತು. ಜಗಲಿ ಓಡಾಡುವವರಿಗೆ ಅಡ್ಡ, ವಿನಾಯಿತಿ ಇಲ್ಲ, ಕೀಳಿಸಬೇಕು. ಥೂ. ಒಬ್ಬನೂ ಅವಳ ಮುಖ ನೋಡಲಿಲ್ಲ. ಅವಳು ಖಾಲಿ ಲೋಟಗಳನ್ನು ಹಿಡಿದು ನಿಂತೇ ಇದ್ದಳು.

ದಾರಿಯಲ್ಲಿ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿದರು. “ಆ ಚಪ್ಪಡಿ ಒಡೀಬೇಡ್ರಿ, ಒಳ್ಳೇ ಕಲ್ಲು. ಹಂಗೇ ಎಬ್ಬಿಸಿ ನಮ್ಮನೆ ಮುಂದಕ್ಕೆ ಹಾಕ್ಸಿ. ಸಂಜೆ ನಾಲ್ಕು ಜನ ಬಂದ್ರೆ ಕೂರೋಕೆ ಒಂದು ಜಗಲಿ ಇಲ್ಲ ನಂಗೆ.”

ಸ್ನಾನ ಮಾಡಿದೆ. ಹೆಗಲು ಇನ್ನೂ ಅಂಟಂಟು ಅನ್ನಿಸುತ್ತಿದೆ. ಆಗಲಿ ಸಾರ್ ಅಂದುಬಿಟ್ಟೆ. ಬೆಳಿಗ್ಗೆ ಗಾಡಿ ಹೊಡೆಸಿಕೊಂಡು ಅವಳ ಮನೆ ಮುಂದೆ ಹೋಗಿ ನಿಲ್ಲಬೇಕಾದವನೂ ನಾನೇ.